ಮೋಟರಿನ ಹಣ ನೋಡಿಕೊಂಡದ್ದು

ನಾನು ಖಜಾಂಚಿಯಾದದ್ದು ಯಾರ ಒತ್ತಾಯದಿಂದಲೂ ಅಲ್ಲ, ಅರ್ಹತೆಯಿಂದಲೂ ಅಲ್ಲ. ಮೆಟ್ಟಿಲ ಮೇಲೆ ನಿಂತು ಒಂದು ವಾಕ್ಯ ಹೆಚ್ಚಿಗೆ ಮಾತಾಡಿದ್ದರಿಂದ.

ನಮ್ಮ ಕಟ್ಟಡದಲ್ಲಿ ನಾಲ್ಕು ಮಹಡಿ, ಒಂಬತ್ತು ಮನೆ, ಒಂದೇ ಮೋಟರ್. ಕೆಳಗಿನ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುತ್ತಿದ್ದ ಆ ಮೋಟರ್ ಒಂದು ಬೆಳಗ್ಗೆ ಎರಡು ಸಲ ಕೆಮ್ಮಿ, ಹೊಗೆ ಬಿಟ್ಟು, ಸುಮ್ಮನಾಯಿತು. ರಿಪೇರಿಯವನು ಬಿಚ್ಚಿ, ಮೂಸಿ ನೋಡಿ, "ಇದಕ್ಕೆ ದುಡ್ಡು ಹಾಕೋದೂ ಒಂದೇ, ಸಂಪಿಗೆ ಸುರಿಯೋದೂ ಒಂದೇ" ಎಂದ. ಹೊಸದಕ್ಕೆ ಮೂವತ್ತಾರು ಸಾವಿರ. ಮನೆಗೆ ನಾಲ್ಕು ಸಾವಿರ. ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂಡಿಬಂದದ್ದನ್ನು ನಾನು ಅಲ್ಲಿಯವರೆಗೆ ಪಠ್ಯಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಅಂಗಡಿಯವನು ಎರಡು ವಾರದಲ್ಲಿ ತರಿಸಿಕೊಡುತ್ತೇನೆ, ಬಂದ ದಿನ ಪೂರ್ತಿ ಹಣ ಕೊಟ್ಟರೆ ಸಾಕು ಎಂದಿದ್ದ. ಅಲ್ಲಿಯವರೆಗೆ ಎಲ್ಲರೂ ಸಂಪಿನಿಂದ ಬಕೆಟ್ಟಿನಲ್ಲಿ ನೀರು ಹೊರಬೇಕು.

"ಸರಿ, ದುಡ್ಡು ಯಾರ ಹತ್ರ ಇರ್ಲಿ?" ಎಂದು ನರ್ಸಕ್ಕ ಕೇಳಿದರು. ಅವರದು ನಾಲ್ಕನೇ ಮಹಡಿ. ರಾತ್ರಿ ಪಾಳಿ ಮುಗಿಸಿ ಬಂದು ಎಪ್ಪತ್ತೆರಡು ಮೆಟ್ಟಿಲು ಬಕೆಟ್ ಹೊತ್ತವರು ಕೇಳುವ ಪ್ರಶ್ನೆಗೆ ಒಂದು ಧ್ವನಿ ಇರುತ್ತದೆ. ಆ ಧ್ವನಿಯಲ್ಲೇ ಕೇಳಿದರು.

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಯಾರ ಹತ್ತಿರ ಇದ್ದರೂ, ಸಾರ್ವಜನಿಕ ಹಣವನ್ನು ಸ್ವಂತ ಹಣದ ಜೊತೆ ಬೆರೆಸಬಾರದು" ಎಂದುಬಿಟ್ಟೆ.

ಹಗಲು ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ಮೂರು ವರ್ಷ ಸಂಜೆ ತರಗತಿಯಲ್ಲಿ, ಸಣ್ಣ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಲೆಕ್ಕಪತ್ರ ಕಲಿತಿದ್ದೆ. ಆ ವಾಕ್ಯ ಅಲ್ಲಿಯದು. ಕಲಿತು ಹನ್ನೊಂದು ವರ್ಷವಾದರೂ ಅದನ್ನು ಬಳಸಲು ಒಂದು ಸಂದರ್ಭ ಬಂದಿರಲಿಲ್ಲ. ಬಂದಾಗ ತಡೆಯಲಾಗಲಿಲ್ಲ.

"ಹಾಗಾದ್ರೆ ನೀವೇ ನೋಡ್ಕೊಳ್ಳಿ" ಎಂದರು ಎಲ್ಲರೂ.

ನೋಡಿಕೊಂಡೆ. ಆದದ್ದೆಲ್ಲ ಆ ನೋಡಿಕೊಂಡದ್ದರಿಂದಲೇ.

ಶನಿವಾರ ಊರಿನ ಆ ತುದಿಯ ಬ್ಯಾಂಕಿಗೆ ಹೋಗಿ ಮೋಟರಿಗಾಗಿಯೇ ಬೇರೆ ಖಾತೆ ತೆರೆದು, ಒಂಬತ್ತು ಮನೆಯ ಹಣ ಕಟ್ಟಿದೆ. ಪಾಸ್‌ಬುಕ್ಕಿನ ಜೊತೆ ಶುಲ್ಕಗಳ ಪಟ್ಟಿಯ ಸಣ್ಣ ಪುಸ್ತಕವೊಂದನ್ನು ಕೊಟ್ಟರು. ಸಣ್ಣ ಅಕ್ಷರ ಓದಲಾಗದವರಿಗೆ ಕನ್ನಡಕ ಮಾಡಿಕೊಡುವುದು ನನ್ನ ಕಸುಬು, ಆದರೂ ಮೊದಲ ಪುಟ ಮಾತ್ರ ಓದಿದೆ. ಖಾತೆಯ ಹಣ ಅಲುಗಿದಾಗಲೆಲ್ಲ ಫೋನಿಗೆ ಸಂದೇಶ ಬರಬೇಕಾದರೆ ಮೂರು ತಿಂಗಳಿಗೆ ಹದಿನೈದು ಎಂದಿತ್ತು. ಹದಿನೈದು ಎಂದರೂ ಜನರ ದುಡ್ಡು. "ಸಂದೇಶ ಬೇಡ" ಎಂಬಲ್ಲಿ ಗುರುತು ಹಾಕಿ, ಕಟ್ಟಡಕ್ಕೆ ಹದಿನೈದು ಉಳಿಸಿದ ತೃಪ್ತಿಯಿಂದ ಮನೆಗೆ ಬಂದೆ.

ಸಂದೇಶ ಬರುವುದಿಲ್ಲ ಎಂದ ಮೇಲೆ ನಾನೇ ಹೋಗಿ ನೋಡಬೇಕಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಬೇರೊಂದು ಬ್ಯಾಂಕಿನ ಎಟಿಎಂ ಇದೆ. ಸೋಮವಾರ ಕೆಲಸ ಮುಗಿಸಿ ಬರುವಾಗ ಕಾರ್ಡ್ ಹಾಕಿ ನೋಡಿದೆ. ಮೂವತ್ತಾರು ಸಾವಿರ. ಮಂಗಳವಾರ ಮೂವತ್ತಾರು ಸಾವಿರ. ಬುಧವಾರ, ಗುರುವಾರ ಹಾಗೆಯೇ. ಮಲಗಿದ ಮಗುವಿನ ಕೋಣೆಗೆ ಇಣುಕಿ ಬಂದ ಹಾಗೆ ಹಗುರಾಗಿ ಮನೆಗೆ ಹೋಗುತ್ತಿದ್ದೆ.

ಶುಕ್ರವಾರ ಪರದೆಯ ಮೇಲೆ ಮೂವತ್ತೈದು ಸಾವಿರದ ಒಂಬೈನೂರ ಎಂಬತ್ತೆಂಟು ಬಂತು.

ಕನ್ನಡಕ ತೆಗೆದು ಒರೆಸಿ ನೋಡಿದೆ. ಅಷ್ಟೇ ಇತ್ತು. ಕಾರ್ಡ್ ತೆಗೆದು, ಸರಿಯಾಗಿ ಹಾಕಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ಹಾಕಿದೆ. ಒಂಬೈನೂರ ಎಪ್ಪತ್ತಾರು. ನಾನು ನೋಡುತ್ತಿದ್ದಂತೆಯೇ, ನನ್ನ ಕಣ್ಣೆದುರಿಗೇ, ಇನ್ನೂ ಹನ್ನೆರಡು ಹೋಗಿತ್ತು. ಹಿಂತಿರುಗಿ ನೋಡಿದೆ, ಯಾರೂ ಇರಲಿಲ್ಲ. ಯಂತ್ರದ ಬೆನ್ನಿಗೂ ಗೋಡೆಗೂ ನಡುವೆ ಇಣುಕಿದೆ. ಒಂದು ಪೊರಕೆ ಇತ್ತು. ಮೂರನೇ ಸಲ ಒತ್ತಿದೆ. ಒಂಬೈನೂರ ಅರವತ್ತನಾಲ್ಕು.

"ಏನ್ ಹುಡುಕ್ತಿದೀರಾ ಸಾರ್?" ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡಿದ್ದ ಕಾವಲುಗಾರ ಕೇಳಿದ.

"ಹನ್ನೆರಡು ಹೋಗ್ತಿದೆ."

"ಎಲ್ಲಿಗೆ?"

"ಅದೇ ಗೊತ್ತಾಗ್ತಿಲ್ಲ. ಇಲ್ಲಿಗೆ ಬೇರೆ ಯಾರಾದರೂ ಬಂದಿದ್ರಾ?"

"ಬೆಳಗಿಂದ ನೂರಾರು ಜನ ಬಂದಿದಾರೆ ಸಾರ್. ಅದಕ್ಕೇ ಅಲ್ವಾ ಇದನ್ನ ಇಟ್ಟಿರೋದು?"

ಯಂತ್ರದ ಮೇಲೆ 'ರಸೀದಿ ಕಾಗದ ಇಲ್ಲ' ಎಂದು ಅಂಟಿಸಿದ್ದರು. ಹಾಗಾಗಿ ಎಲ್ಲವನ್ನೂ ಜೇಬಿನ ಪುಸ್ತಕದಲ್ಲಿ ಗಂಟೆ ನಿಮಿಷ ಸಮೇತ ಬರೆದುಕೊಂಡು ಮನೆಗೆ ಬಂದೆ.

ನನ್ನ ಹೆಂಡತಿ ಪೂರ್ತಿ ಕೇಳಿ, "ರೀ, ಮೂವತ್ತಾರು ತಾನೇ? ನಮ್ಮ ಡಬ್ಬಿಯಿಂದ ತಗೊಂಡು ಹಾಕಿ ಸುಮ್ನಿರಿ" ಎಂದಳು.

"ಹಾಗೆ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ. ಕಡಿಮೆ ಬಿದ್ದದ್ದನ್ನು ಗುಟ್ಟಾಗಿ ತುಂಬುವುದು ಎರಡನೇ ಅಪರಾಧ."

"ಮೊದಲನೇದು ಯಾವುದು?"

ಅದು ನನಗೂ ತಿಳಿಯದ್ದರಿಂದ ಎದ್ದು ಮೂರನೇ ಮಹಡಿಗೆ, ಹವಾಮಾನ ಮಾಮನ ಬಳಿಗೆ ಹೋದೆ. ಮೂವತ್ತೈದು ವರ್ಷ ಹವಾಮಾನ ಕಚೇರಿಯಲ್ಲಿ ಗಾಳಿ ಮಳೆ ಅಳೆದು ನಿವೃತ್ತರಾದವರು. ಏನೇ ಹೇಳಿದರೂ ಮೊದಲು ನಕ್ಷೆಯ ಕಾಗದ ತೆಗೆಯುತ್ತಾರೆ. ನನ್ನ ಅಂಕಿಗಳನ್ನು ಚುಕ್ಕೆ ಇಟ್ಟು, ಗೆರೆ ಎಳೆದು, ಬಹಳ ಹೊತ್ತು ನೋಡಿದರು.

"ತಮ್ಮಾ, ಇದು ಸಣ್ಣ ಕಳ್ಳ ಅಲ್ಲ. ಒಟ್ಟಿಗೆ ತೆಗೆದ್ರೆ ಗೊತ್ತಾಗತ್ತೆ ಅಂತ ಹನಿ ಹನಿಯಾಗಿ ತೆಗೀತಿದಾನೆ. ನಿನ್ನ ಗುಟ್ಟಿನ ನಂಬರ್ ಅವನಿಗೆ ಸಿಕ್ಕಿದೆ."

"ಈಗೇನು ಮಾಡೋದು ಮಾಮ?"

"ನಂಬರ್ ಬದಲಾಯಿಸು. ಬದಲಾಯಿಸೋಕೆ ಮುಂಚೆ ಎಷ್ಟಿದೆ ನೋಡು, ಆಮೇಲೆ ಎಷ್ಟಿದೆ ನೋಡು. ವೀಕ್ಷಣೆ ಬಿಡಬಾರದು."

ಶನಿವಾರ ನೋಡಿದೆ, ಬದಲಾಯಿಸಿದೆ, ಮತ್ತೆ ನೋಡಿದೆ. ಇಪ್ಪತ್ತನಾಲ್ಕು ಹೋಗಿತ್ತು. ಹೊಸ ನಂಬರ್ ಹುಟ್ಟಿ ಒಂದು ನಿಮಿಷವಾಗಿರಲಿಲ್ಲ, ಕಳ್ಳನಿಗೆ ಗೊತ್ತಾಗಿತ್ತು. ಭಾನುವಾರ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದೆ. ವೀಕ್ಷಣೆ ಹೆಚ್ಚಿದಷ್ಟೂ ಕಳ್ಳನ ಚುರುಕು ಹೆಚ್ಚುತ್ತಿತ್ತು.

ಭಾನುವಾರ ರಾತ್ರಿಯ ಹೊತ್ತಿಗೆ ವಿಷಯ ಇಡೀ ಕಟ್ಟಡಕ್ಕೆ ತಿಳಿದಿತ್ತು. ಯಾರು ಹೇಳಿದರೋ ಗೊತ್ತಿಲ್ಲ. ಹವಾಮಾನ ಮಾಮ ಮುನ್ಸೂಚನೆ ಕೊಡುವುದನ್ನು ಅಭ್ಯಾಸಬಲದಿಂದ ಇನ್ನೂ ಬಿಟ್ಟಿಲ್ಲ ಎಂದಷ್ಟೇ ಹೇಳಬಲ್ಲೆ. ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು. ನನ್ನನ್ನು ಕೆಳಗೆ, ಸಂಪಿನ ಮುಚ್ಚಳದ ಪಕ್ಕ ನಿಲ್ಲಿಸಿದರು.

"ಖಜಾಂಚಿಗಳೇ" ಎಂದರು ನರ್ಸಕ್ಕ. ಅವರು ಅಲ್ಲಿಯವರೆಗೆ ನನ್ನನ್ನು ಅಣ್ಣ ಎನ್ನುತ್ತಿದ್ದರು. "ನಾನು ಆಸ್ಪತ್ರೇಲಿ ಮಾತ್ರೆ ಎಣಿಸೋಳು. ಹನ್ನೆರಡು ಮಾತ್ರೆ ಕಡಿಮೆ ಬಂತು ಅಂದ್ರೆ ಯಾರೋ ನುಂಗಿದಾರೆ ಅಂತಲೇ ಅರ್ಥ. ಮಾತ್ರೆ ತಾನಾಗೇ ಕರಗಲ್ಲ."

"ನಾನು ನುಂಗಿಲ್ಲ ಅಕ್ಕ."

"ನುಂಗಿದೀರಾ ಅಂತ ನಾನೆಲ್ಲಿ ಹೇಳ್ದೆ? ಬಾಟ್ಲಿ ನಿಮ್ಮ ಹತ್ರ ಇತ್ತು ಅಂದೆ, ಅಷ್ಟೇ."

ಎರಡನೇ ಮಹಡಿಯ ದರ್ಜಿ, ಬಟ್ಟೆ ಅಳತೆಗಿಂತ ಕಡಿಮೆ ಬಂದಾಗ ಗಿರಾಕಿಗಳು ತನಗೆ ಹೇಳುವ ಮಾತನ್ನೆಲ್ಲ ನೆನಪಿಟ್ಟುಕೊಂಡಿದ್ದವನು, ಅಂದು ಎಲ್ಲವನ್ನೂ ನನಗೆ ಹೇಳಿದ. ಕೊನೆಗೆ ತೀರ್ಮಾನವಾಯಿತು: ನಾಳೆ ಮನೆಗೊಬ್ಬರಂತೆ ಬಂದು, ತಮ್ಮ ಕಣ್ಣಿನಿಂದಲೇ ನೋಡಬೇಕು.

ಸೋಮವಾರ ಸಂಜೆ ನಾನು ಮುಂದೆ, ಒಂಬತ್ತು ಮನೆಯವರು ಹಿಂದೆ ಮೂಲೆಯವರೆಗೆ ನಡೆದೆವು. ನಮ್ಮ ಮನೆಯ ಪರವಾಗಿ ಹೆಂಡತಿ ಬಂದಿದ್ದಳು. ಕಾವಲುಗಾರ ಎದ್ದು ನಿಂತ. "ಒಳಗೆ ಒಬ್ಬರೇ ಹೋಗ್ಬೇಕು. ಬೋರ್ಡ್ ಇದೆ" ಎಂದ. ಬಹಳ ಬೇಡಿಕೊಂಡ ಮೇಲೆ ಒಮ್ಮೆಗೆ ಇಬ್ಬರು ಎಂದು ಒಪ್ಪಿದ. ಹಾಗಾಗಿ ನಾನು ಒಬ್ಬೊಬ್ಬರನ್ನೇ ಒಳಗೆ ಕರೆದುಕೊಂಡು, ಒಬ್ಬೊಬ್ಬರಿಗೂ ಕಾರ್ಡ್ ಹಾಕಿ ತೋರಿಸಬೇಕಾಯಿತು. ನಂಬರ್ ಒತ್ತುವಾಗ ಪ್ರತಿಯೊಬ್ಬರೂ ಪ್ರಾಮಾಣಿಕವಾಗಿ ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಹನ್ನೆರಡು ಹೋಗಿರುತ್ತಿತ್ತು.

"ಎಂಟುನೂರ ತೊಂಬತ್ತೆರಡು" ಎನ್ನುತ್ತ ಮೊದಲನೆಯವರು ಹೊರಬಂದರು.

"ಏನ್ರೀ, ನನಗೆ ಎಂಟುನೂರ ಎಂಬತ್ತು ತೋರಿಸ್ತು" ಎಂದ ಎರಡನೆಯವನಾದ ದರ್ಜಿ.

"ನಂದು ಎಂಟುನೂರ ಅರವತ್ತೆಂಟು" ಎಂದಳು ನನ್ನ ಹೆಂಡತಿ.

"ಮೂರು ಜನ, ಮೂರು ಲೆಕ್ಕ. ಮನುಷ್ಯರನ್ನ ನೋಡಿ ತೋರಿಸತ್ತಾ ಇದು?" ಎಂದ ದರ್ಜಿ.

ನಮ್ಮ ಹಿಂದೆ ಹಣ ತೆಗೆಯಲು ಬಂದವರ ಸಾಲು ಬೀದಿಯ ತಿರುವು ದಾಟಿತ್ತು. "ಒಂದೇ ಕಾರ್ಡಿಗೆ ಎಷ್ಟು ಜನ ವಾರಸುದಾರರಪ್ಪಾ" ಎಂದು ಯಾರೋ ಗೊಣಗಿದರು. ಒಂಬತ್ತನೆಯವರಾಗಿ ನರ್ಸಕ್ಕ ಒಳಗೆ ಬಂದರು. ಮೂವತ್ತೈದು ಸಾವಿರದ ಏಳುನೂರ ತೊಂಬತ್ತಾರು. ಅವರು ಪರದೆಯನ್ನು ನೋಡಿದರು, ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿದರು, ಮತ್ತೆ ಪರದೆ ನೋಡಿದರು.

"ಕಾರ್ಡ್ ಕೊಡಿ ಇಲ್ಲಿ" ಎಂದರು. "ಎರಡು ದಿನ ನನ್ನ ಹತ್ರ ಇರತ್ತೆ. ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ. ಯಾರೂ ಮುಟ್ಟೋ ಹಾಗಿಲ್ಲ. ಗುರುವಾರ ಬಂದು ನೋಡೋಣ. ಏಳುನೂರ ತೊಂಬತ್ತಾರು ಹಾಗೇ ಇದ್ರೆ..." ಅಷ್ಟಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದರು. ವಾಕ್ಯದ ಉಳಿದ ಭಾಗವನ್ನು ನಾನು ಮೂರು ರಾತ್ರಿ ಕೂತು ಪೂರ್ತಿ ಮಾಡಿದೆ. ಹಾಗೇ ಇದ್ದರೆ ಕಳ್ಳ ನಾನು. ನನಗೇ ಅನುಮಾನ ಬರತೊಡಗಿತು. ನಿದ್ದೆಯಲ್ಲಿ ಎದ್ದು ಹೋಗುತ್ತಿದ್ದೇನೆಯೇ ಎಂದು ಹೆಂಡತಿಯನ್ನು ಕೇಳಿದೆ. "ನಿದ್ದೆ ಮಾಡಿದ್ರೆ ತಾನೇ" ಎಂದಳು. ಹೊಸ ಮೋಟರ್ ಬಾರದಿದ್ದರೂ ಪರವಾಗಿಲ್ಲ, ಗುರುವಾರ ಇನ್ನೊಂದು ಹನ್ನೆರಡು ಹೋಗಿರಲಿ ಎಂದು ಬಯಸುವ ಸ್ಥಿತಿಗೆ ಬಂದೆ. ಖಜಾಂಚಿಯೊಬ್ಬ ಬಯಸಬಾರದ ಬಯಕೆ ಅದು.

ಗುರುವಾರ ನರ್ಸಕ್ಕನೇ ಬೀರುವಿನಿಂದ ತಂದ ಕಾರ್ಡನ್ನು ಯಂತ್ರಕ್ಕೆ ಹಾಕಿದರು. ನಾನು ನಂಬರ್ ಒತ್ತಿದೆ. ಗಾಜಿನ ಆಚೆಯಿಂದ ಹವಾಮಾನ ಮಾಮ, ದರ್ಜಿ, ಕಾವಲುಗಾರ ಮೂವರೂ ಮೂಗು ಒತ್ತಿಕೊಂಡು ನೋಡುತ್ತಿದ್ದರು.

ಏಳುನೂರ ಎಂಬತ್ತನಾಲ್ಕು.

ಎರಡು ದಿನ ಬೀಗದೊಳಗಿದ್ದ ಕಾರ್ಡಿನಿಂದ ಹನ್ನೆರಡು ಹೋಗಿತ್ತು. ನಾನು ನಿರ್ದೋಷಿ ಎಂದು ತಿಳಿದು ಗಾಜಿನ ಆಚೆಯವರತ್ತ ತಿರುಗಿದೆ. ಅದೇ ಹೊತ್ತಿಗೆ ದರ್ಜಿ ಬಾಗಿಲಿಂದ ತಲೆ ಒಳಹಾಕಿ, ಯಾರನ್ನೂ ನೋಡದೆ, "ಈ ಎರಡು ದಿನ ಬಾಟ್ಲಿ ಯಾರ ಹತ್ರ ಇತ್ತು?" ಎಂದ.

ನರ್ಸಕ್ಕನ ಮುಖ ಕೆಂಪಾಯಿತು. "ಏನಂದ್ರಿ? ನಾನಾ? ಹನ್ನೆರಡಕ್ಕಾ?" ಕಾರ್ಡನ್ನು ಮತ್ತೆ ಒಳಗೆ ತುರುಕಿದರು. "ಒತ್ತಿ ಅಣ್ಣ, ಇನ್ನೊಂದ್ಸಲ ಒತ್ತಿ. ಎಲ್ಲೋ ಕಣ್ಣು ತಪ್ಪಿರತ್ತೆ."

ಒತ್ತಿದೆ. ಏಳುನೂರ ಎಪ್ಪತ್ತೆರಡು. ನಾನು ಮತ್ತೆ ಅಣ್ಣನಾಗಿದ್ದೆ ಎಂಬುದನ್ನು ಮಾತ್ರ ಆ ಗೊಂದಲದಲ್ಲೂ ಗಮನಿಸಿದೆ.

ಮರುದಿನ ಶುಕ್ರವಾರ. ಮೋಟರಿನ ಅಂಗಡಿಯವನು ಬೆಳಗ್ಗೆಯೇ ಫೋನ್ ಮಾಡಿ, ಮೋಟರ್ ಬಂದಿದೆ, ಮಧ್ಯಾಹ್ನ ಎರಡು ಗಂಟೆಯೊಳಗೆ ಬನ್ನಿ ಎಂದ. ನರ್ಸಕ್ಕ, ಹವಾಮಾನ ಮಾಮ, ನಾನು ಮೂವರೂ ಮೊದಲು ಬ್ಯಾಂಕಿಗೆ ಹೋದೆವು. ನರ್ಸಕ್ಕ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದರು. ಮಾಮ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಈಗ ಅದು ಗೋಡೆಗೆ ಹಾಕುವಷ್ಟು ಉದ್ದವಾಗಿತ್ತು.

ವಿಚಾರಣೆಯ ಮೇಜಿನಲ್ಲಿ ಕೂತಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ನಾವು ಮೂವರೂ ಒಟ್ಟಿಗೆ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು. ಮಾಮ ಮೇಜಿನ ಮೇಲೆ ನಕ್ಷೆ ಬಿಚ್ಚಿದರು. ಅದರ ತುದಿ ಪಕ್ಕದ ಮೇಜಿನ ಗ್ರಾಹಕರ ಮಡಿಲಿಗೆ ಬಿತ್ತು.

"ನೋಡಿ ತಾಯಿ, ಇದರಿಂದ ಒಂದು ವಿಷಯ ಸ್ಪಷ್ಟ. ನಾವು ಹೋದಾಗಲೆಲ್ಲ ಕಳ್ಳ ಅಲ್ಲೇ ಇರ್ತಾನೆ."

"ಹೌದು ಸಾರ್" ಎಂದರು ಅಧಿಕಾರಿ, ಕಂಪ್ಯೂಟರ್ ನೋಡುತ್ತ. "ನೀವು ಬೇರೆ ಬ್ಯಾಂಕಿನ ಮಷಿನ್‌ನಲ್ಲಿ ನೋಡಿದೀರ. ತಿಂಗಳಿಗೆ ಮೂರು ಸಲ ಪುಕ್ಕಟೆ. ಆಮೇಲೆ ನೋಡಿದ್ರೆ ಸಲಕ್ಕೆ ಹನ್ನೆರಡು."

"ತೆಗೆದ್ರೆ ತಾನೇ?" ಎಂದೆ.

"ನೋಡಿದ್ರೂನೂ."

"ಬರೀ ನೋಡಿದ್ರೆ?"

"ಬರೀ ನೋಡಿದ್ರೆ. ನಂಬರ್ ಬದಲಾಯಿಸಿದ್ರೂ ಅಷ್ಟೇ. ನೋಡಿದ ಮೇಲೆ ಕಡಿತ ಆಗತ್ತೆ, ಅದಕ್ಕೇ ಮುಂದಿನ ಸಲ ಕಡಿಮೆ ಕಾಣಿಸತ್ತೆ. ಒಟ್ಟು ಇಪ್ಪತ್ತಮೂರು ಸಲ ಕಾರ್ಡ್ ಹಾಕಿದೀರ. ಇಪ್ಪತ್ತಕ್ಕೆ ಇನ್ನೂರ ನಲವತ್ತು. ಈಗ ಖಾತೇಲಿ ಇರೋದು ಮೂವತ್ತೈದು ಸಾವಿರದ ಏಳುನೂರ ಅರವತ್ತು."

ಮಾಮ ತಮ್ಮ ನಕ್ಷೆಯನ್ನು ನಿಧಾನವಾಗಿ ಸುತ್ತತೊಡಗಿದರು.

"ಅಂದ್ರೆ" ಎಂದರು ನರ್ಸಕ್ಕ, "ದುಡ್ಡು ಹೋಯ್ತಾ ಅಂತ ನೋಡೋಕೆ ಹೋಗಿದ್ದರಿಂದ ದುಡ್ಡು ಹೋಯ್ತು."

"ಹೌದು ಮೇಡಂ."

"ಹೋದ ದುಡ್ಡು ಎಲ್ಲಿಗೆ ಹೋಯ್ತು ಅಂತ ನೋಡಿದ್ದಕ್ಕೆ ಇನ್ನೂ ಹೋಯ್ತು."

"ಹೌದು. ಫೋನಿಗೆ ಸಂದೇಶ ಬರೋ ಹಾಗೆ ಮಾಡಿಸ್ಕೊಂಡಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತು. ಯಾಕೋ ಬೇಡ ಅಂದಿದೀರ."

"ಅದಕ್ಕೆ ಶುಲ್ಕ ಇತ್ತು" ಎಂದೆ.

"ಎಷ್ಟು?" ಎಂದರು ನರ್ಸಕ್ಕ.

"ಹದಿನೈದು. ಮೂರು ತಿಂಗಳಿಗೆ."

ಅವರು ನನ್ನನ್ನು ನೋಡಿದ ರೀತಿಯಲ್ಲಿ ರೋಗಿಗಳನ್ನು ನೋಡುವಾಗಿನ ಕರುಣೆ ಸ್ವಲ್ಪ ಇತ್ತು. ಪೂರ್ತಿ ಅದೇ ಇತ್ತು ಎಂದು ಹೇಳಲಾರೆ.

ಅಧಿಕಾರಿಗೆ ನಮ್ಮ ಮೇಲೆ ಕನಿಕರ ಬಂದಿರಬೇಕು. ಇನ್ನೂರ ನಲವತ್ತನ್ನೂ ವಾಪಸ್ ಹಾಕಲು ಮೇಲಿನವರಿಗೆ ಬರೆಯುತ್ತೇನೆ ಎಂದರು. "ಮಧ್ಯಾಹ್ನದೊಳಗೆ ಬಂದ್ರೂ ಬರಬಹುದು, ಸೋಮವಾರವೂ ಆಗಬಹುದು. ಅವರು ಒಪ್ಪಬೇಕು. ಒಂದು ಮಾತು. ಖಾತೇಲಿ ಸಾಲದೇ ಇರುವಾಗ ಅಂಗಡೀಲಿ ಕಾರ್ಡ್ ಉಜ್ಜಬೇಡಿ. ಅದು ವಾಪಸ್ ಬಂದ್ರೆ ಇಪ್ಪತ್ತೈದು ಶುಲ್ಕ."

ಮೋಟರಿನ ಅಂಗಡಿ ಮುಟ್ಟಿದಾಗ ಒಂದೂ ಮುಕ್ಕಾಲು. ಮೋಟರ್ ಹಸಿರು ಬಣ್ಣದ್ದು, ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ವಸತಿಗೃಹವೊಂದರ ಮಾಲೀಕ ನೋಟಿನ ಕಟ್ಟು ಹಿಡಿದು ನಿಂತಿದ್ದ.

"ಸಾರ್, ಇವ್ರೂ ಇದನ್ನೇ ಕೇಳ್ತಿದಾರೆ, ಕೈಯಲ್ಲಿ ದುಡ್ಡು ಹಿಡ್ಕೊಂಡು" ಎಂದ ಅಂಗಡಿಯವನು. "ನೀವು ಮೊದಲು ಹೇಳಿದ್ರಿ ಅಂತ ಕಾದಿದೀನಿ. ಈಗ ಪೂರ್ತಿ ಕೊಟ್ರೆ ನಿಮ್ಮದು. ಇಲ್ಲಾಂದ್ರೆ ಮುಂದಿನ ಲೋಡ್ ಬರೋಕೆ ಮೂರು ವಾರ."

ಮೂರು ವಾರ ಎಂದದ್ದನ್ನು ಕೇಳಿ ನರ್ಸಕ್ಕ ತಮ್ಮ ಅಂಗೈ ನೋಡಿಕೊಂಡರು. ಬಕೆಟ್ ಹಿಡಿಯ ಗೆರೆ ಅಲ್ಲಿ ಅಡ್ಡಡ್ಡ ಕೆಂಪಗೆ ಎದ್ದಿತ್ತು.

"ಇನ್ನೂರ ನಲವತ್ತು ಕೈಯಿಂದ ಕೊಡೋಣ" ಎಂದೆ.

ಮಾಮನ ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಇತ್ತು. ನರ್ಸಕ್ಕನ ಸಮವಸ್ತ್ರದ ಜೇಬಿನಲ್ಲಿ ಒಂದು ಉಷ್ಣಮಾಪಕ, ಎರಡು ಪೆನ್ನು. ಇಬ್ಬರೂ ನನ್ನತ್ತ ತಿರುಗಿದರು.

"ನಾನು ಪರ್ಸ್ ಮನೇಲಿ ಬಿಟ್ಟು ಬಂದಿದ್ದೀನಿ" ಎಂದೆ. "ಸಾರ್ವಜನಿಕ ಹಣದ ಕೆಲಸಕ್ಕೆ ಹೊರಟಾಗ ಸ್ವಂತ ಹಣ ಜೊತೆಗಿರಬಾರದು ಅಂತ."

ಬ್ಯಾಂಕಿಗೆ ನರ್ಸಕ್ಕ ಬಸ್ಸಿನಲ್ಲೇ ಫೋನ್ ಹಚ್ಚಿದ್ದರು. ಅದರಲ್ಲಿ ಆಗಿನಿಂದ ಕಾಯಿಸುವ ಪಿಟೀಲು ಮಾತ್ರ ಕೇಳುತ್ತಿತ್ತು.

ಅಂಗಡಿಯವನು ನಮ್ಮ ಕಷ್ಟ ಅರ್ಥಮಾಡಿಕೊಂಡು, "ಅದಕ್ಕೇನಂತೆ, ಪಕ್ಕದಲ್ಲೇ ಎಟಿಎಂ ಇದೆ. ದುಡ್ಡು ವಾಪಸ್ ಬಂದಿದೆಯಾ ಅಂತ ಒಂದ್ಸಲ ನೋಡ್ಕೊಂಡು ಬನ್ನಿ" ಎಂದ.

"ಬೇಡ" ಎಂದೆವು ಮೂವರೂ ಒಟ್ಟಿಗೆ. ವಸತಿಗೃಹದವನು ಒಂದು ಹೆಜ್ಜೆ ಹಿಂದೆ ಸರಿದ.

ಮಾಮ ಪಿಸುಗುಟ್ಟಿದರು. "ತಮ್ಮಾ, ದುಡ್ಡು ಬಂದಿದ್ರೆ ಸರಿಯಾಗಿ ಮೂವತ್ತಾರು ಸಾವಿರ ಇರತ್ತೆ. ನೋಡಿದ್ವೋ, ಹನ್ನೆರಡು ಕಡಿಮೆ ಆಗತ್ತೆ. ನೋಡಿದ್ರೆ ಸಾಲಲ್ಲ. ನೋಡದೇ ಉಜ್ಜಿದ್ರೆ ಸಾಕಾಗ್ಲೂಬಹುದು."

"ಸಾಕಾಗದೇ ಇದ್ರೆ ಇಪ್ಪತ್ತೈದು ದಂಡ, ಮೋಟರೂ ಹೋಯ್ತು" ಎಂದೆ. "ಮಾಮ, ಇದನ್ನ ನಾನೊಬ್ಬನೇ ನಿರ್ಧಾರ ಮಾಡೋ ಹಾಗಿಲ್ಲ. ಒಂಬತ್ತು ಮನೆ ದುಡ್ಡು. ಎಲ್ಲರನ್ನೂ ಕೇಳಿ..."

ನರ್ಸಕ್ಕ ನನ್ನ ಕೈಯಿಂದ ಕಾರ್ಡ್ ಕಿತ್ತುಕೊಂಡು ಅಂಗಡಿಯವನಿಗೆ ಕೊಟ್ಟರು. "ಉಜ್ಜಿ" ಎಂದರು. "ಅಣ್ಣ, ನಂಬರ್ ಒತ್ತಿ. ಹೋದ್ರೆ ನಾನು ಒತ್ತಿಸಿದ್ದು ಅಂತ ಹೇಳಿ."

ಒತ್ತಿದೆ. ಅಂಗೈಯಗಲದ ಆ ಯಂತ್ರ ಯೋಚಿಸತೊಡಗಿತು. ಮೂರು ಚುಕ್ಕೆ ಬಂದವು, ಹೋದವು, ಮತ್ತೆ ಬಂದವು. ನಾನು ಕಣ್ಣು ಮುಚ್ಚಿಕೊಂಡೆ. ನೋಡಿದರೆ ಅದಕ್ಕೂ ಶುಲ್ಕವಿದೆಯೋ ಏನೋ ಎಂಬ ಭಯ. ಕೊನೆಗೆ ಕರಕರ ಸದ್ದಾಯಿತು. ಕಣ್ಣು ಬಿಟ್ಟಾಗ ಯಂತ್ರದ ಬಾಯಿಂದ ಬಿಳಿ ಕಾಗದದ ನಾಲಗೆ ಹೊರಬರುತ್ತಿತ್ತು. ಅಂಗಡಿಯವನು ಹರಿದು ಕೊಟ್ಟು, "ಆಯ್ತು ಸಾರ್, ಎತ್ಕೊಳ್ಳಿ" ಎಂದ.

ಎತ್ತಿಕೊಳ್ಳಲು ಮೂವರಿಗೂ ಕೈಯಲ್ಲಿ ಬಲವಿರಲಿಲ್ಲ. ವಸತಿಗೃಹದವನೇ ಒಂದು ಕಡೆ ಹಿಡಿದ.

ಸಂಜೆ ಆರೂವರೆಗೆ ರಿಪೇರಿಯವನು ಗುಂಡಿ ಒತ್ತಿದ. ಮೋಟರ್ ಗುಂಯ್ ಎಂದಿತು. ಎಲ್ಲರೂ ಮೆಟ್ಟಿಲ ಮೇಲೆ ಉಸಿರು ಹಿಡಿದು ನಿಂತೆವು. ನಾಲ್ಕನೇ ಮಹಡಿಯ ನಲ್ಲಿ ಮೊದಲು ಗಾಳಿ ಉಗುಳಿತು, ಆಮೇಲೆ ಕಂದು ನೀರು, ಆಮೇಲೆ ತಿಳಿ ನೀರು. ನರ್ಸಕ್ಕ ಮೇಲಿನಿಂದ ಬಗ್ಗಿ, ಒದ್ದೆ ಕೈಯನ್ನು ನಮ್ಮ ತಲೆಗಳ ಮೇಲೆ ಕೊಡವಿದರು. ಬ್ಯಾಂಕಿನಲ್ಲಿ ನಡೆದದ್ದನ್ನು ಮಾಮ ಅಷ್ಟರಲ್ಲಿ ಎಲ್ಲರಿಗೂ ಹೇಳಿದ್ದರು, ಗೆರೆಗಳ ಸಮೇತ.

ದರ್ಜಿ ನನ್ನ ಹತ್ತಿರ ಬಂದ. ಕ್ಷಮೆ ಕೇಳಲು ಬಂದಿರಬೇಕು; ಅವನ ಬಾಯಿಗೆ ಅಭ್ಯಾಸವಿಲ್ಲದ್ದರಿಂದ ಬೇರೆಯದೇ ಮಾತು ಬಂತು.

"ಹಾಗಾದ್ರೆ ಖಜಾಂಚಿಗಳೇ, ಖಾತೇಲಿ ಈಗ ಎಷ್ಟಿದೆ?"

ಒಂಬತ್ತು ಮನೆಯವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನರ್ಸಕ್ಕ ನಲ್ಲಿ ನಿಲ್ಲಿಸಿ ಕಿವಿಗೊಟ್ಟರು.

"ಗೊತ್ತಿಲ್ಲ" ಎಂದೆ.

ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. "ಇವ್ರೇ ಖಜಾಂಚಿ ಇರ್ಲಿ" ಎಂಬ ಮಾತು ನಾಲ್ಕನೇ ಮಹಡಿಯಿಂದ ಕೇಳಿಬಂತು. ಯಾರೂ ಬೇಡವೆನ್ನಲಿಲ್ಲ.